ಆಯಾ ತಂಡದ ಪಾಲಕರೇ ಕೊಡತಕ್ಕದ್ದು

ವಿನೋದಾಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟರೂ ನಾಲ್ಕು ಸಾಲು ಓದುವಷ್ಟರಲ್ಲಿ ನಿಮಗೆ ಗೊತ್ತಾಗಿಯೇ ಆಗುತ್ತದೆ. ಈ ಕಥೆ ನಡೆದಾಗ ಆ ಹೊಟ್ಟೆಕಿಚ್ಚಿಗೆ ಹದಿನಾರು ವರ್ಷ, ನನ್ನ ಮಗಳು ಅನಘಾಗಿಂತ ಒಂದೇ ವರ್ಷ ಚಿಕ್ಕದು. ಎರಡನ್ನೂ ನಾನು ಚೆನ್ನಾಗಿಯೇ ಸಾಕಿದ್ದೇನೆ.

ನಾನೂ ವಿನೋದಾಳೂ ಸಿಂಗಾಪುರಕ್ಕೆ ಬಂದದ್ದು ಒಂದೇ ವರ್ಷ. ನಾನು ಮೈಸೂರಿನವಳು, ಅವಳು ಉಡುಪಿಯವಳು. ಜುರಾಂಗ್ ವೆಸ್ಟಿನ ಒಂದೇ ಬ್ಲಾಕಿನಲ್ಲಿ ನಾವು ನಾಲ್ಕನೆಯ ಮಹಡಿ, ಅವರು ಒಂಬತ್ತನೆಯದು. ಅವಳ ಗಂಡ ಜಯರಾಮ ಟುವಾಸಿನ ಹಡಗುಕಟ್ಟೆಯಲ್ಲಿ ಎಂಜಿನಿಯರ್, ನನ್ನ ಗಂಡ ಬದರಿನಾಥ್ ಅಲ್ಲೇ ಹತ್ತಿರದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ. ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಜಯರಾಮ ಪಾಸಿರ್ ಪಂಜಾಂಗಿನಲ್ಲಿ ಸ್ನೇಹಿತರ ಜೊತೆ ಸೇರಿ ಶಿಪ್ಪಿಂಗ್ ಕಂಪನಿ ತೆರೆದ. ಬದರಿ ಅದೇ ಬಸ್ಸಿಗೆ ಕಾಯುತ್ತಲೇ ಇದ್ದ. ಅವರು ಈಜುಕೊಳವಿರುವ ಕಾಂಡೋಗೆ ಮೇಲೇರಿದರು. ನಾವೂ ಮೇಲೇರಿದೆವು, ನಾಲ್ಕನೆಯ ಮಹಡಿಯಿಂದ ಹನ್ನೊಂದಕ್ಕೆ.

ವಿನೋದಾ ಜಂಬದವಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಬೈದುಕೊಂಡು ಹಾಯಾಗಿರಬಹುದಿತ್ತು. ಆದರೆ ಅವಳು ಕೊಡುವ ಜಾತಿಯವಳು. ಅವಳ ಮಗ ಗೌರವ್ ನಮ್ಮ ಅನಘಾಗಿಂತ ಕೆಲವು ತಿಂಗಳು ದೊಡ್ಡವನು. ಅವನು ಬಿಟ್ಟ ತಳ್ಳುಗಾಡಿ ನಮಗೆ ಬಂತು, ಅವನ ಸೈಕಲ್ ಬಂತು, ಅವನು ಓದಿ ಮುಗಿಸಿದ ಕಥೆಪುಸ್ತಕಗಳು ಕವರು ಹಾಕಿಸಿಕೊಂಡು ಬಂದವು. ಪ್ರತಿ ಸಲವೂ ನಾನು ಥ್ಯಾಂಕ್ಸ್ ಹೇಳಿದೆ, ಪ್ರತಿ ಸಲವೂ ಬಾಗಿಲು ಹಾಕಿಕೊಂಡು ಹಲ್ಲು ಕಡಿದೆ. ಕಸಿದುಕೊಳ್ಳುವವರ ಮೇಲೆ ಸಿಟ್ಟು ಮಾಡಬಹುದು. ಕೊಡುವವರ ಮೇಲೆ ಸಿಟ್ಟು ಬಂದರೆ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ.

ಎರಡು ಸಾವಿರದ ಹದಿನಾರರಲ್ಲಿ ಇಬ್ಬರು ಮಕ್ಕಳೂ ಬುಕಿಟ್ ಸೆರೈ ಜೂನಿಯರ್ ಕಾಲೇಜು ಸೇರಿದರು. ನಮ್ಮೂರಿನ ಪಿಯುಸಿ ಇದ್ದ ಹಾಗೆ, ಎರಡು ವರ್ಷದ ಓದು. ಗೌರವ್ ಸೇರಿದ್ದು ಫೆನ್ಸಿಂಗ್ ತಂಡಕ್ಕೆ. ಮುಖಕ್ಕೆ ಜಾಲರಿ ಕಟ್ಟಿಕೊಂಡು, ಬೆಳ್ಳಗಿನ ಬಟ್ಟೆ ತೊಟ್ಟು, ತೆಳ್ಳನೆಯ ಕತ್ತಿಯಿಂದ ಒಬ್ಬರನ್ನೊಬ್ಬರು ತಿವಿಯುವ ಆಟ. ತಿವಿತ ತಾಗಿದರೆ ದೀಪ ಹೊತ್ತಿಕೊಳ್ಳುವ ಯಂತ್ರ ಬೇರೆ. ಆ ಯಂತ್ರವನ್ನು ಕಾಲೇಜಿಗೆ ದಾನ ಕೊಟ್ಟದ್ದು ಜಯರಾಮನ ಕಂಪನಿ, ಮೇಲೆ ಕಂಪನಿಯ ಹೆಸರು ಅಂಗೈಯಗಲ. ತಂಡದಲ್ಲಿದ್ದವರು ಒಂಬತ್ತೇ ಮಕ್ಕಳು. ಕೋಚ್ ಹಂಗೇರಿಯವನು.

ನನ್ನ ಅನಘಾ ಹಾಕಿ ತಂಡದ ಗೋಲ್‌ಕೀಪರ್. ತಂಡದಲ್ಲಿ ಇಪ್ಪತ್ತೆಂಟು ಹುಡುಗಿಯರು. ಅವಳು ಕಾಲಿಗೆ ಕಟ್ಟುವ ಪ್ಯಾಡು ಅವಳಿಗಿಂತ ಮೊದಲು ನಾಲ್ಕು ಹುಡುಗಿಯರ ಕಾಲು ಕಂಡದ್ದು, ಎಡಗಡೆಯದಕ್ಕೆ ಪ್ಲಂಬರುಗಳ ಬೂದು ಟೇಪು ಸುತ್ತಿತ್ತು. ಚೆಂಡು ಬಡಿದಾಗ ಮೊಣಕಾಲಿನ ಕೆಳಗೆ ನೀಲಿಗಟ್ಟುತ್ತಿತ್ತು. ಆದರೂ ಆ ಹುಡುಗಿ ಹಾಕಿಯ ದಿನಗಳಲ್ಲಿ ಬೆಳಿಗ್ಗೆ ತಾನಾಗಿಯೇ ಏಳುತ್ತಿದ್ದಳು. ಉಳಿದ ದಿನ ಮೂರು ಸಲ ಎಬ್ಬಿಸಬೇಕು. ಮಾತು ಕಡಿಮೆಯ, ಎಲ್ಲದಕ್ಕೂ ಹಿಂದೆ ಸರಿಯುವ ನನ್ನ ಮಗಳು ಆ ಗೋಲುಪೆಟ್ಟಿಗೆಯ ಮುಂದೆ ನಿಂತಾಗ ಮಾತ್ರ ಗಂಟಲು ಹರಿಯುವಂತೆ ಕೂಗಿ ತಂಡವನ್ನು ನಡೆಸುತ್ತಿದ್ದಳು. ಅದನ್ನು ಮೊದಲ ಸಲ ಕೇಳಿದ ದಿನ ನಾನು ಅತ್ತಿದ್ದೆ.

ಮೇ ತಿಂಗಳಲ್ಲಿ ಪ್ರಿನ್ಸಿಪಾಲರು ಪಾಲಕರ ಸಮಿತಿಯಲ್ಲಿದ್ದ ನಮ್ಮೈದು ಜನರನ್ನು ಕರೆಸಿದರು. ಕಾಲೇಜಿಗೆ ಸೇರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಮುಂದಿನ ವರ್ಷ ಕ್ರೀಡೆಗೆ ಸಿಗುವ ಹಣ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಹನ್ನೊಂದು ತಂಡಗಳನ್ನು ಹೀಗೇ ಸಾಕುವುದು ಸಾಧ್ಯವಿಲ್ಲ, ಏನು ಮಾಡೋಣ ಎಂದು ಕೇಳಿದರು. ನಾನು ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ಹದಿಮೂರು ವರ್ಷ ದುಡಿದವಳು. ಒಂದು ಪ್ರಸ್ತಾವ ಬರೆದುಕೊಡುತ್ತೇನೆ ಎಂದು ಕೈ ಎತ್ತಿದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ.

ಖರ್ಚಿನ ಪಟ್ಟಿ ಕೈಗೆ ಬಂದ ದಿನ ನನ್ನ ಕಣ್ಣು ನೇರವಾಗಿ ಹೋದದ್ದು ಫೆನ್ಸಿಂಗಿನ ಸಾಲಿಗೆ. ಒಂಬತ್ತು ಮಕ್ಕಳಿಗೆ ಆಗುತ್ತಿದ್ದ ಖರ್ಚು ನಮ್ಮ ಇಪ್ಪತ್ತೆಂಟು ಹುಡುಗಿಯರ ಖರ್ಚಿಗಿಂತ ಹೆಚ್ಚಿತ್ತು. ಯಾರದ್ದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದುಕೊಂಡೆ. ಇದು ಅನ್ಯಾಯವೇ, ಈಗಲೂ ಹೇಳುತ್ತೇನೆ. ಆದರೆ ಅನ್ಯಾಯ ಕಂಡಾಗ ಸಿಟ್ಟು ಬರಬೇಕು, ನನಗೆ ಸಂತೋಷವಾಯಿತು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನಾನು ಬರೆದದ್ದು ಒಂದೇ ಪುಟ. ಪ್ರತಿ ತಂಡದ ಖರ್ಚಿನಲ್ಲಿ ಅರ್ಧ ಕಾಲೇಜಿನದು. ಉಳಿದರ್ಧವನ್ನು ಆಯಾ ತಂಡದ ಪಾಲಕರೇ ಸೆಪ್ಟೆಂಬರ್ ಮೂವತ್ತರೊಳಗೆ ಕೊಡತಕ್ಕದ್ದು. ಕಂಪನಿಗಳಿಂದಾಗಲಿ, ತಂಡಕ್ಕೆ ಸೇರದವರಿಂದಾಗಲಿ ಹಣ ಪಡೆಯಕೂಡದು. ಕೊಡಲಾಗದ ತಂಡವನ್ನು ವರ್ಷದ ಕೊನೆಗೆ ಮುಚ್ಚುವುದು. ಆ ಮೂರನೆಯ ವಾಕ್ಯವನ್ನು ನಾನು ಬರೆದದ್ದು ಜಯರಾಮನ ಕಂಪನಿಯ ದಾರಿ ಕಟ್ಟುವುದಕ್ಕೆಂದೇ. ಕೆಳಗೆ ಹೆಸರು ಹಾಕಲಿಲ್ಲ, ‘ಪಾಲಕರ ಸಮಿತಿ’ ಎಂದಷ್ಟೇ ಹಾಕಿದೆ. ಬರೆದವಳು ನಾನೆಂದು ಆ ಐವರ ಹೊರಗೆ ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಎಲ್ಲ ಪಾಲಕರ ಸಭೆಯಲ್ಲಿ ವಿನೋದಾ ಎದ್ದು ನಿಂತಳು. ಅವಳ ಇಂಗ್ಲಿಷಿಗೂ ಉಡುಪಿಯ ರಾಗವಿದೆ. ಹೀಗೆ ತಂಡ ತಂಡವಾಗಿ ಹಂಚುವುದು ಬೇಡ, ಎಲ್ಲ ಪಾಲಕರೂ ಶಕ್ತಿಯಿದ್ದಷ್ಟು ಒಂದೇ ಹುಂಡಿಗೆ ಹಾಕೋಣ, ಕಂಪನಿಗಳೂ ಅದಕ್ಕೇ ಹಾಕಲಿ, ಆಮೇಲೆ ಮಕ್ಕಳ ತಲೆ ಲೆಕ್ಕದಲ್ಲಿ ತಂಡಗಳಿಗೆ ಹೋಗಲಿ, ನಮ್ಮ ಆಟ ದುಬಾರಿ, ಹೆಚ್ಚಿಗೆ ಆದದ್ದನ್ನು ನಾವು ಬೇರೆ ನೋಡಿಕೊಳ್ಳುತ್ತೇವೆ ಎಂದಳು. ಒಳ್ಳೆಯ ಮಾತೇ. ನನಗೆ ಕೇಳಿಸಿದ್ದು ಮಾತ್ರ ‘ನಾವು ನೋಡಿಕೊಳ್ಳುತ್ತೇವೆ’ ಎಂಬುದು.

ನಾನು ಎದ್ದು, ನಿಮ್ಮ ಮಗನ ಕತ್ತಿಗೆ ಟ್ಯಾಕ್ಸಿ ಓಡಿಸುವವರು ಯಾಕೆ ಹುಂಡಿ ತುಂಬಬೇಕು ಎಂದು ಕೇಳಿದೆ. ಸಭೆಯೆಲ್ಲ ನನ್ನ ಕಡೆ ತಿರುಗಿತು. ಟೇಬಲ್ ಟೆನಿಸಿನ ತಂದೆಯೊಬ್ಬರು ಮೇಜು ಕುಟ್ಟಿದರು. ನಮ್ಮ ಹಾಕಿ ತಂಡದ ಐಶಾಳ ತಂದೆ ಹಮ್ಜಾ ನಿಜವಾಗಿಯೂ ಟ್ಯಾಕ್ಸಿ ಓಡಿಸುವವರು, ನನ್ನತ್ತ ನೋಡಿ ತಲೆದೂಗಿದರು. ಕೈ ಎತ್ತಿಸಿದಾಗ ವಿನೋದಾಳ ಪರ ಎದ್ದದ್ದು ಏಳು ಕೈ. ಹದಿನಾರು ವರ್ಷಗಳಲ್ಲಿ ಮೊದಲ ಸಲ ಅವಳ ವಿರುದ್ಧ ಗೆದ್ದಿದ್ದೆ.

ಗೇಟಿನ ಹತ್ತಿರ ಅವಳು ಕಾರು ನಿಲ್ಲಿಸಿ ಕಾಯುತ್ತಿದ್ದಳು.

“ಬನ್ನಿ ಪದ್ಮಜಾ, ಎಂಆರ್‌ಟಿ ಟ್ರೈನ್ ಸ್ಟೇಷನ್ ತನಕ ಡ್ರಾಪ್ ಮಾಡ್ತೇನೆ.”

“ಬೇಡ, ನಡ್ಕೊಂಡ್ ಹೋಗ್ತೀನಿ. ವಾಕಿಂಗ್ ಆಗತ್ತೆ.”

“ನಿಮ್ಮ ಪಾಯಿಂಟ್ ಸರಿ ಇರ್ಬಹುದು. ಆದ್ರೆ ನಿಮ್ಮ ಟೀಮಲ್ಲಿ ಎಷ್ಟೋ ಜನ್ರಿಗೆ ಅರ್ಧ ಅಂದ್ರೆ ಕಷ್ಟ ಆಗ್ತದಲ್ಲ ಮಾರಾಯ್ರೆ. ಒಂದ್ಸಲ ಯೋಚ್ನೆ ಮಾಡಿ.”

“ನಮ್ ಟೀಮಿಂದು ನಾವ್ ನೋಡ್ಕೋತೀವಿ ವಿನೋದಾ. ನೀವು ನಿಮ್ದು ನೋಡ್ಕೊಳ್ಳಿ.”

ಅವಳ ಮುಖ ಸಣ್ಣಗಾಯಿತು. ನಾನು ಸೆರಗಿಲ್ಲದ ಪ್ಯಾಂಟು ಶರ್ಟಿನಲ್ಲೂ ಸೆರಗು ಬೀಸಿದಂತೆ ತಿರುಗಿ ನಡೆದೆ.

ಫೆನ್ಸಿಂಗಿನ ಒಂಬತ್ತು ಮನೆಗಳು ತಮ್ಮ ಅರ್ಧವನ್ನು ಕಟ್ಟಲು ತೆಗೆದುಕೊಂಡದ್ದು ಎಂಟು ದಿನ. ಡಾಕ್ಟರು, ವಕೀಲರು, ಜಯರಾಮ. ಚೆಕ್ ಬರೆದರು, ಮುಗಿಯಿತು. ಅದರ ಮುಂದಿನ ವರ್ಷದ್ದನ್ನೂ ಈಗಲೇ ಕೊಡಬಹುದೇ ಎಂದು ಒಬ್ಬರು ಕೇಳಿದರಂತೆ. ನಾನು ದುಬಾರಿ ಆಟವನ್ನು ಹಿಡಿಯಲು ಬಲೆ ಹೆಣೆದಿದ್ದೆ. ದುಬಾರಿ ಆಟ ಆಡುವವರ ಹತ್ತಿರ ದುಡ್ಡು ಇರುತ್ತದೆ ಎಂಬ ಅಷ್ಟು ಸಣ್ಣ ವಿಷಯ ಬ್ಯಾಂಕಿನವಳಿಗೆ ಹೊಳೆದಿರಲಿಲ್ಲ. ಹೊಟ್ಟೆ ಉರಿಯುವಾಗ ತಲೆ ಕೆಲಸ ಮಾಡುವುದಿಲ್ಲ.

ಬಲೆಗೆ ಬಿದ್ದದ್ದು ನಾವು. ಹಾಕಿಯ ಮೈದಾನ ನಮ್ಮ ಕಾಲೇಜಿನಲ್ಲಿ ಇರಲಿಲ್ಲ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬೇಕು. ಕೋಚ್, ಬಸ್ಸು, ಪಂದ್ಯದ ಶುಲ್ಕ ಎಲ್ಲ ಸೇರಿ ನಮ್ಮ ಅರ್ಧವೇ ಹದಿನೆಂಟು ಸಾವಿರ ಡಾಲರ್. ಹಮ್ಜಾ ಭಾನುವಾರವೂ ಟ್ಯಾಕ್ಸಿ ತೆಗೆದರು. ಹಾಕರ್ ಸೆಂಟರಿನ ಊಟದಂಗಡಿಗಳ ಸಾಲಿನಲ್ಲಿ ನೂಡಲ್ಸ್ ಅಂಗಡಿ ಇಟ್ಟಿರುವ ತಾಯಿಯೊಬ್ಬಳು ವಾರಕ್ಕೊಮ್ಮೆ ಐವತ್ತರ ನೋಟೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಂಡದ ಹಣ ಕೂಡಿಸುತ್ತಿದ್ದ ನನಗೆ ತಂದುಕೊಡುತ್ತಿದ್ದಳು. ಅದನ್ನು ತೆಗೆದುಕೊಳ್ಳುವಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಜುಲೈನಲ್ಲಿ ಬದರಿಯ ಕೆಲಸ ಹೋಯಿತು. ಅವನ ವಿಭಾಗವನ್ನೇ ಬೇರೆ ದೇಶಕ್ಕೆ ಶಿಫ್ಟ್ ಮಾಡಿದರು. ಅದಕ್ಕೆ ಮೊದಲೇ ನಾವು ಎರಡು ಸಾವಿರ ಕೊಟ್ಟಿದ್ದೆವು. ಇನ್ನೂ ಸ್ವಲ್ಪ ಹಾಕೋಣ ಎಂದು ನಾನು ಕೇಳಿದಾಗ ಬದರಿ ಪಾಸ್‌ಬುಕ್ಕನ್ನು ನನ್ನ ಮುಂದೆ ಸರಿಸಿದ.

“ಫ್ಲ್ಯಾಟಿನ ಲೋನ್ ಇದೆ ಪದ್ದು. ನನ್ಗೆ ಯಾವಾಗ ಸಿಗತ್ತೋ ಗೊತ್ತಿಲ್ಲ. ಹಾಕಿಗೆ ಅಂತ ಈಗ ಹೆಂಗ್ ಕೊಡೋದು ಹೇಳು.”

ನಾನು ಪಾಸ್‌ಬುಕ್ಕು ಮುಚ್ಚಿಟ್ಟೆ.

ಸೆಪ್ಟೆಂಬರಿನ ಕೊನೆಯ ವಾರಕ್ಕೆ ಮೂರು ಸಾವಿರ ಕಡಿಮೆ ಬಿತ್ತು. ಅನಘಾ ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕಾಲಿಗೆ ಸುತ್ತಿಕೊಂಡಿದ್ದ ಐಸ್ ಚೀಲದಿಂದ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

“ಅಮ್ಮಾ, ಈ ರೂಲ್ ಮಾಡಿದ್ದು ಯಾರು?”

“ಯಾವ್ದು?”

“ಈ ಹಾಫ್ ಹಾಫ್ ರೂಲ್. ಸ್ಪೋರ್ಟ್ಸ್ ಟೀಚರ್ ಮಿಸ್ ಗೋ ಹೇಳಿದ್ರು, ಪೇರೆಂಟ್ಸೇ ಬರ್ದಿದ್ದು ಅಂತ. ಬರ್ದವ್ರ ಮಕ್ಳು ಏನೂ ಆಡಲ್ಲ ಅನ್ಸತ್ತೆ. ಆಡ್ತಿದ್ರೆ ಹಿಂಗ್ ಬರೀತಿರ್ಲಿಲ್ಲ.”

ನಾನು ಹುಳಿಗೆ ಉಪ್ಪು ಹಾಕಿದೆ. ಅದಾಗಲೇ ಹಾಕಿದ್ದೆ, ಮತ್ತೆ ಹಾಕಿದೆ. ಗೊತ್ತಿಲ್ಲ ಪುಟ್ಟಾ ಎಂದೆ. ಅವಳು ಹೋಗಿ ಆ ಟೇಪು ಸುತ್ತಿದ ಪ್ಯಾಡುಗಳನ್ನು ಬಟ್ಟೆಯಿಂದ ಒರೆಸಿ ಒರೆಸಿ ಚೀಲಕ್ಕೆ ತುಂಬಿಟ್ಟಳು, ಯಾರಿಗೋ ವಾಪಸು ಕೊಡುವ ಸಾಮಾನಿನಂತೆ. ಮರುದಿನ ಹಾಕಿ ಇತ್ತು. ಬೆಳಿಗ್ಗೆ ನಾನು ಮೂರು ಸಲ ಎಬ್ಬಿಸಬೇಕಾಯಿತು.

ಮೂವತ್ತನೆಯ ತಾರೀಖು ಸಂಜೆ ಕಾಲೇಜಿನ ಕ್ಯಾಂಟೀನಿನಲ್ಲಿ ಕೊನೆಯ ಸಭೆ. ಬ್ಯಾಂಕಿನಿಂದ ನೇರವಾಗಿ ಹೋದೆ. ಬೆಂಚುಗಳ ಮೇಲೆ ಮೂವತ್ತು ನಲವತ್ತು ಪಾಲಕರು ಇದ್ದರು, ವಿನೋದಾ ನನ್ನಿಂದ ಎರಡು ಜಾಗ ಆಚೆ ಕೂತಿದ್ದಳು. ಆ ಮೇ ತಿಂಗಳ ಮೇಲೆ ನಾವು ಮಾತಾಡಿರಲಿಲ್ಲ. ಹುಡುಗಿಯರು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಕ್ರೀಡೆಯ ಉಸ್ತುವಾರಿಯ ಟೀಚರ್ ಮಿಸ್ ಗೋ ಒಂದೊಂದೇ ತಂಡದ ಹೆಸರು ಓದಿದರು. ಬ್ಯಾಡ್ಮಿಂಟನ್ ಆಯಿತು. ಫೆನ್ಸಿಂಗ್ ಆಯಿತು. ಸಾಫ್ಟ್‌ಬಾಲ್ ಇಲ್ಲ, ಮುಚ್ಚುತ್ತದೆ. ಸಾಫ್ಟ್‌ಬಾಲಿನ ತಾಯಿಯೊಬ್ಬಳು ಕಣ್ಣೊರೆಸಿಕೊಂಡಳು. ನಾನು ಕೂತಲ್ಲೇ ಕುಗ್ಗಿದೆ.

ಹಾಕಿಯ ಹೆಸರು ಬಂದಾಗ ಮಿಸ್ ಗೋ ಒಂದು ಲಕೋಟೆ ಎತ್ತಿ ಹಿಡಿದರು. ಮಧ್ಯಾಹ್ನ ಆಫೀಸಿನ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಮೇಲೆ ‘ಹಾಕಿ’ ಎಂದು ಅಚ್ಚಿನಂಥ ಅಕ್ಷರ, ಕೊಟ್ಟವರ ಹೆಸರಿಲ್ಲ. ಒಳಗೆ ಒಟ್ಟು ಮೂರು ಸಾವಿರ ಡಾಲರಿನ ನೋಟುಗಳು. ಲಕೋಟೆಯ ಹೊರಗೆ ಟೇಪಿನಲ್ಲಿ ಅಂಟಿಸಿದ ಒಂದು ಡಾಲರಿನ ನಾಣ್ಯ. ಮೂಲೆಯಲ್ಲಿ ಒಂದು ಹಳದಿ ಬೊಟ್ಟು, ಒಂದು ಕೆಂಪು ಬೊಟ್ಟು.

ನೋಡಿದ ತಕ್ಷಣ ನನಗೆ ಗೊತ್ತಾಯಿತು. ನಮ್ಮವರು ಯಾರೂ ಸೊನ್ನೆಯಲ್ಲಿ ಮುಗಿಯುವ ಮುಯ್ಯಿ ಕೊಡುವುದಿಲ್ಲ. ನೂರಾ ಒಂದು, ಐನೂರಾ ಒಂದು. ಸೊನ್ನೆಗೆ ಮುಗಿದರೆ ಸಂಬಂಧವೂ ಮುಗಿದಂತೆ, ಆ ಒಂದು ಮುಂದಿನ ಸಲಕ್ಕೆ ಎನ್ನುತ್ತಾರೆ. ಹೆಸರು ಬರೆಯದೆ ಗುಟ್ಟಾಗಿ ಕೊಡಬೇಕೆಂದು ಇಷ್ಟೆಲ್ಲ ಉಪಾಯ ಮಾಡಿದ ಹೆಂಗಸಿಗೆ ಅರಿಶಿನ ಕುಂಕುಮ ಹಚ್ಚದೆ, ಮೇಲೊಂದು ಇಡದೆ ಕೊಡಲು ಮಾತ್ರ ಕೈ ಬಂದಿಲ್ಲ. ಆ ಕಾಲೇಜಿನಲ್ಲಿ ಹೀಗೆ ಕೊಡುವ ಮನೆಗಳಿದ್ದದ್ದು ಎರಡು. ಒಂದು ನನ್ನದು, ನಾನು ಕೊಟ್ಟಿರಲಿಲ್ಲ. ಮೂರು ಸಾವಿರ ಕಡಿಮೆ ಇದೆ ಎಂದು ಅನಘಾ ಗೌರವನ ಹತ್ತಿರ ಹೇಳಿಕೊಂಡಿರಬೇಕು.

ಮಿಸ್ ಗೋ ಹೇಳುತ್ತಿದ್ದರು: “ನಿಯಮದ ಪ್ರಕಾರ ಹೊರಗಿನವರ ಹಣ ತೆಗೆದುಕೊಳ್ಳುವಂತಿಲ್ಲ, ಬೇರೆ ತಂಡದ ಪಾಲಕರದ್ದಾದರೂ ಇಲ್ಲ. ಹಾಗಾಗಿ ಪ್ರಿನ್ಸಿಪಾಲರು ಇದು ಯಾರದೆಂದು ಕೇಳಿದರು. ಈ ಕೆಂಪು ಪುಡಿ ನೋಡಿ ನಾನು ಹೇಳಿದೆ, ಹಾಕಿ ತಂಡದಲ್ಲಿ ಇದನ್ನು ಹಣೆಗಿಡುವವರು ಒಬ್ಬರೇ ಅಂತ. ಮಿಸೆಸ್ ಪದ್ಮಜಾ, ಇದು ನಿಮ್ಮದೇ, ಅಲ್ಲವೆ?”

ಎಲ್ಲರೂ ನನ್ನ ಕಡೆ ತಿರುಗಿದರು.

ಹೊರಗಿನವರ ಹಣ ಕೂಡದೆಂಬ ಆ ಮೂರನೆಯ ವಾಕ್ಯ ನಾನೇ ಬರೆದದ್ದು. ಅಲ್ಲ ಎಂದರೆ ಲಕೋಟೆ ವಾಪಸು, ಇಪ್ಪತ್ತೆಂಟು ಹುಡುಗಿಯರು ಮನೆಗೆ. ಹೌದು ಎಂದರೆ ವಿನೋದಾ ಕೊಟ್ಟದ್ದನ್ನು ನಾನು ಕೊಟ್ಟೆ ಎಂದು ಅವಳ ಎದುರಿಗೇ ಹೇಳಬೇಕು. ಅವಳ ಹಳೆಯ ತಳ್ಳುಗಾಡಿ ಇಸಿದುಕೊಂಡಾಗಲೂ ನಾನು ಇಷ್ಟು ಕೆಳಗೆ ಇಳಿದಿರಲಿಲ್ಲ. ಒಂದು ಕ್ಷಣ, ನಿಜ ಹೇಳುತ್ತೇನೆ, ಒಂದು ಕ್ಷಣ ತಂಡ ಹೋದರೆ ಹೋಗಲಿ ಎನಿಸಿತು. ನನ್ನ ಮಗಳಿಗಿಂತ ನನಗೆ ನನ್ನ ಹೊಟ್ಟೆಕಿಚ್ಚು ಹತ್ತಿರದ್ದಾಗಿತ್ತು.

ಎರಡು ಜಾಗ ಆಚೆಯಿಂದ ಕನ್ನಡ ಕೇಳಿಸಿತು. ವಿನೋದಾ ನನ್ನತ್ತ ನೋಡಲಿಲ್ಲ. ಅಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯದ ಭಾಷೆಯಲ್ಲಿ, ಎದುರಿಗಿದ್ದ ಕಾಫಿಯ ಲೋಟಕ್ಕೆ ಹೇಳುವಂತೆ ಮೆಲ್ಲಗೆ ಹೇಳಿದಳು.

“ಹೌದು ಅನ್ನಿ ಪದ್ಮಜಾ. ಇಲ್ಲಾಂದ್ರೆ ನಿಮ್ಮ ಪೇಪರಿನ ಪ್ರಕಾರ ನಂಗೆ ವಾಪಸ್ ಬರ್ತದೆ.”

ನಿಮ್ಮ ಪೇಪರು. ಬರೆದವಳು ನಾನೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

“ಹೌದು, ನನ್ನದೇ,” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಕ್ಯಾಂಟೀನಿನಲ್ಲಿ ಚಪ್ಪಾಳೆ ಎದ್ದಿತು. ಹಮ್ಜಾ ಎದ್ದು ಬಂದು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಬದರಿಯ ಕೆಲಸ ಹೋದದ್ದು ಅವರಿಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲೂ ಕೊಟ್ಟಿರಲ್ಲ ಎನ್ನುವಾಗ ಅವರ ಕಣ್ಣು ತೇವವಾಗಿತ್ತು. ನೂಡಲ್ಸ್ ಅಂಗಡಿಯ ತಾಯಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ವಿನೋದಾ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಒಂದಿಷ್ಟು ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ, ಸಿಗಲಿಲ್ಲ.

ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ಹುಡುಗಿಯರು ಒಳಗೆ ನುಗ್ಗಿದರು. ಅನಘಾ ಎಲ್ಲರೆದುರು ಮೈಮೇಲೆ ಬಿದ್ದು ಅಪ್ಪಿಕೊಳ್ಳುವವಳಲ್ಲ. ಆ ದಿನ ಅಪ್ಪಿಕೊಂಡಳು. ಬೆವರಿನ ವಾಸನೆಯ ತಲೆಯನ್ನು ನನ್ನ ಹೆಗಲಿಗೆ ಒತ್ತಿ, “ಅಪ್ಪಂಗೂ ಹೇಳ್ದೆ ಕೊಟ್ಯಾ?” ಎಂದಳು. ನಾನು ತಲೆಯಾಡಿಸಿದೆ. ಹೌದೆಂದು ಆಡಿಸಿದೆನೋ ಇಲ್ಲವೆಂದೋ ನನಗೇ ತಿಳಿಯಲಿಲ್ಲ. ಅವಳು ಮುಖವೆತ್ತಿ ವಿನೋದಾಳ ಕಡೆ ನೋಡಿದಳು.

“ಆಂಟಿ, ನೋಡಿದ್ರಾ ನಮ್ಮಮ್ಮನ್ನ?”

“ನೋಡ್ದೆ ಮಗಾ,” ಎಂದಳು ವಿನೋದಾ. ಅಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು, ಗೌರವನನ್ನು ಹುಡುಕುತ್ತ ಹೊರಗೆ ಹೋದಳು.

ಮಗಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಅವಳ ಕಣ್ಣಲ್ಲಿ ಒಬ್ಬ ದೊಡ್ಡ ಹೆಂಗಸು ನಿಂತಿದ್ದಳು, ತನಗಿಲ್ಲದಾಗಲೂ ಕೊಟ್ಟವಳು, ಯಾರಿಗೂ ಹೇಳದೆ ಕೊಟ್ಟವಳು. ಆ ಹೆಂಗಸನ್ನು ಕಂಡು ನನಗೆ ಹೊಟ್ಟೆ ಉರಿಯಿತು.